ಕಾಸರಕೋಡಿನ ರಾಕೆಟ್ಟಿಗೆ ಇಟ್ಟ ಬೊಟ್ಟು

ಆಕಾಶಕ್ಕೆ ಏನನ್ನಾದರೂ ಕಳಿಸಬೇಕೆಂದರೆ ಮೊದಲು ಸರ್ಕಾರಿ ಕಚೇರಿಗೆ ಒಂದು ಅರ್ಜಿ ಕಳಿಸಬೇಕು. ಈ ಸತ್ಯ ನನ್ನ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಅರ್ಜಿ ಹೊನ್ನಾವರದಲ್ಲಿ ಮೂರು ಮೇಜು ದಾಟಿ, ನಾಲ್ಕನೆಯ ಮೇಜಿನಲ್ಲಿ ‘ರಾಕೆಟ್’ ಎಂಬ ಪದಕ್ಕೆ ಎಡವಿ ವಾಪಸ್ ಬಂತು. ಆ ಮೇಜಿನ ಗುಮಾಸ್ತರು ಒಳ್ಳೆಯ ಮನುಷ್ಯ. “ತಂಗಿ, ಇದ್ನ ವಿಜ್ಞಾನ ಮಾದರಿ ಅಂತ ಬರೀರಿ. ರಾಕೆಟ್ ಅಂದ್ರೆ ಫೈಲು ಕಾರವಾರಕ್ಕೆ ಹೋಗ್ತದೆ. ಅಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ನಂಗೂ ಗೊತ್ತಿಲ್ಲ” ಎಂದರು. ಹಾಗೇ ಬರೆದೆವು. ಒಂದೂವರೆ ಆಳು ಎತ್ತರದ, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಮೇಲಕ್ಕೆ ಹಾರುವ ನಮ್ಮ ವಿಜ್ಞಾನ ಮಾದರಿಗೆ ಹದಿನೈದು ದಿನದಲ್ಲಿ ಅನುಮತಿ ಸಿಕ್ಕಿತು.

ಅದು ಎರಡು ಸಾವಿರದ ಇಸವಿ ದಾಟಿದ ಮೊದಲ ಒಂದೆರಡು ವರ್ಷಗಳ ಮಾತು. ನಾನು ಕುಮಟೆಯಿಂದ ಬಸ್ಸಿನಲ್ಲಿ ಭಟ್ಕಳದ ಕಾಲೇಜಿಗೆ ಹೋಗಿಬರುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು, ಮೂವರು ಹುಡುಗರು ಮತ್ತು ನಾನು. ಬೇರೆ ತಂಡಗಳು ಟ್ರಾಫಿಕ್ ದೀಪ, ನೀರಿನ ಟ್ಯಾಂಕಿನ ಅಲಾರಂ ಎಂದು ಮರ್ಯಾದೆಯ ವಿಷಯಗಳನ್ನು ಹಿಡಿದುಕೊಂಡಿದ್ದವು. ನಮಗೆ ಮಾತ್ರ ರಾಕೆಟ್ಟಿನ ಗ್ರಹಚಾರ ವಕ್ಕರಿಸಿತ್ತು.

ಅದು ಚಂದ್ರನಿಗೆ ಹೋಗುವ ರಾಕೆಟ್ಟೇನೂ ಅಲ್ಲ. ತುಂಬ ಎತ್ತರಕ್ಕೆ ಹೋಗುವುದೂ ಅದರ ಕೆಲಸವಾಗಿರಲಿಲ್ಲ. ಮೇಲಕ್ಕೆ ಏರುವಾಗ ಬುಗುರಿಯ ಹಾಗೆ ಸುತ್ತದೆ, ನೆಟ್ಟಗೆ, ಒಂದೇ ದಿಕ್ಕಿಗೆ ಮುಖ ಮಾಡಿ ಹೋಗಬೇಕು, ಅಷ್ಟೇ ಪರೀಕ್ಷೆ. ಒಳಗೊಂದು ಗೈರೋ ಇರುತ್ತದೆ. ರಾಕೆಟ್ ತಿರುಗತೊಡಗಿದರೆ ಗೈರೋ ಅದನ್ನು ಹೇಳುತ್ತದೆ. ಒಂದು ಚಿಪ್ಪು ಲೆಕ್ಕ ಹಾಕಿ, ಬಾಲದ ರೆಕ್ಕೆಗಳನ್ನು ಪುಟ್ಟ ಮೋಟಾರುಗಳಿಂದ ಅತ್ತಿತ್ತ ಮಾಡಿ, ತಿರುಗುವುದನ್ನು ನಿಲ್ಲಿಸುತ್ತದೆ. ಆ ಲೆಕ್ಕವನ್ನು ಬರೆದವಳು ನಾನು. ಏಳು ತಿಂಗಳು ಬರೆದಿದ್ದೆ. ಬಸ್ಸಿನಲ್ಲಿ ಬರೆದೆ, ಅಕ್ಕನ ಮದುವೆಯ ಚಪ್ಪರದಲ್ಲಿ ಕೂತು ಬರೆದೆ, ಹಪ್ಪಳದ ಕಾವಲಿಗೆ ಕೂರಿಸಿದಾಗ ಬರೆದು ಕಾಗೆಗಳಿಗೆ ಉಪಕಾರ ಮಾಡಿದೆ.

ನಮ್ಮ ಗೈಡ್ ಸರ್‌ಗೆ ಇದರಲ್ಲಿ ಒಂದು ಸಣ್ಣ ಸಂಶಯವಿತ್ತು. ಪ್ರೋಗ್ರಾಂ ಸರಿಯಿದೆಯೋ ಇಲ್ಲವೋ ಎಂಬ ಸಂಶಯವಾಗಿದ್ದರೆ ನಾನು ಗೌರವಿಸುತ್ತಿದ್ದೆ. ಅವರ ಸಂಶಯ ಬೇರೆ ಜಾತಿಯದು. “ನೋಡಮ್ಮ, ಬಾಡಿ ಇದೆ, ಇಂಜಿನ್ ಇದೆ, ಹುಡುಗರ ಕೆಲಸ ಕಣ್ಣಿಗೆ ಕಾಣ್ತದೆ. ನಿನ್ನ ಕಂಟ್ರೋಲ್ ಕಣ್ಣಿಗೆ ಕಾಣೂದಿಲ್ಲ. ಹಾರಿದಾಗ ಅದು ಕೆಲಸ ಮಾಡಿದ್ರೆ ರಿಪೋರ್ಟಿನಲ್ಲಿ ನಿನ್ನ ಅಧ್ಯಾಯ ಇರಲಿ. ಮಾಡದಿದ್ರೆ ಅದನ್ನ ತೆಗೆದುಬಿಡುವ. ನೀನು ಬೈಂಡಿಂಗು, ಮುನ್ನುಡಿ, ಕೃತಜ್ಞತೆ ನೋಡಿಕೋ. ನಿನ್ನ ಅಕ್ಷರ ಚೆಂದ ಉಂಟು” ಎಂದಿದ್ದರು. ಏಳು ತಿಂಗಳ ಕೆಲಸದ ಬದಲಿಗೆ ಕೃತಜ್ಞತೆಯ ಒಂದು ಪುಟ. ಅದರಲ್ಲಿ ಮೊದಲ ಹೆಸರು ಅವರದೇ ಇರಬೇಕು. ಅಂದಿನಿಂದ ನನಗೆ ರಾಕೆಟ್ ಹಾರುವುದಕ್ಕಿಂತ ಆ ಅಧ್ಯಾಯ ಉಳಿಯುವುದು ಮುಖ್ಯವಾಯಿತು. ಸುಳ್ಳು ಯಾಕೆ ಹೇಳಲಿ, ಸರ್ ಮೇಲೆ ಸಿಟ್ಟೂ ಬೆಳೆಯಿತು.

ಸಾಮಾನು ಒದಗಿದ ರೀತಿ ಹೇಳಿದರೆ ಈಗಿನ ಮಕ್ಕಳು ನಂಬುವುದಿಲ್ಲ. ಗೈರೋ ಮತ್ತು ಪುಟ್ಟ ಮೋಟಾರುಗಳು ಬಂದದ್ದು ದುಬೈಯಿಂದ. ನಮ್ಮ ತಂಡದ ಭಟ್ಕಳದ ಹುಡುಗನ ಮಾಮ ರಜೆಗೆ ಬರುವಾಗ ಆಟಿಕೆ ಹೆಲಿಕಾಪ್ಟರೊಂದನ್ನು ಅತ್ತರು, ಬಾದಾಮಿಗಳ ನಡುವೆ ಇಟ್ಟು ತಂದಿದ್ದರು. ಅದನ್ನು ನಾವು ಬಿಚ್ಚಿ ಒಳಗಿನದನ್ನು ತೆಗೆದುಕೊಂಡಾಗ ಅವನ ಮನೆಯ ಚಿಕ್ಕ ಮಕ್ಕಳು ಎರಡು ದಿನ ಅತ್ತವಂತೆ. ಇಂಜಿನ್ನು ಮಾತ್ರ ಪರವಾನಗಿ, ಮೊಹರು, ಎಚ್ಚರಿಕೆಯ ಚೀಟಿಗಳ ಸಮೇತ ಹೊರಗಿನಿಂದ ಬಂತು. ಇನ್ನು ರೆಕ್ಕೆಗಳನ್ನು ಅಂಟಿಸಿ, ಕೊಳವೆಯ ಸಂದುಗಳನ್ನು ಮುಚ್ಚಿಕೊಟ್ಟವನು ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಫೈಬರ್ ದೋಣಿಗಳನ್ನು ರಿಪೇರಿ ಮಾಡುವವ.

ಆ ದೋಣಿಯವನಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಶಾಸ್ತ್ರ, ನೀರು ಒಳಗೆ ಹೋಗಬಾರದು. ನಮ್ಮ ರಾಕೆಟ್ ಹಾರುವುದು ಆಕಾಶದಲ್ಲಿ ಎಂದರೆ, “ಬೀಳೂದು ಎಲ್ಲಿ?” ಎಂದು ಕೇಳಿದ. ಅವನು ಸಂದುಸಂದಿಗೂ ಅಂಟು ಬಳಿದು, ಇರುವೆಯೂ ನುಸುಳದ ಹಾಗೆ ಮಾಡಿಕೊಟ್ಟ. ಎಲ್ಲ ಮುಗಿದ ಮೇಲೆ ನಾನು ಡ್ರಿಲ್ ಹಿಡಿದು ಬಂದೆ. ರಾಕೆಟ್ ಎಷ್ಟು ಎತ್ತರಕ್ಕೆ ಹೋಯಿತೆಂದು ತಿಳಿಯಲು ಒಳಗೊಂದು ಗಾಳಿಯೊತ್ತಡದ ಸೆನ್ಸರ್ ಇತ್ತು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಇಳಿದದ್ದು ಮತ್ತೆ ಏರತೊಡಗಿತೆಂದರೆ ರಾಕೆಟ್ ಕೆಳಗೆ ಬರುತ್ತಿದೆ ಎಂದರ್ಥ. ಆಗ ಮೂತಿ ಕಳಚಿ ಪ್ಯಾರಾಚೂಟ್ ಬಿಚ್ಚಿಕೊಳ್ಳಬೇಕು. ಇದಕ್ಕೆ ಹೊರಗಿನ ಗಾಳಿ ಒಳಗೆ ತಾಗಬೇಕು, ಅಂದರೆ ತೂತು ಬೇಕು. ನನಗೆ ನಾಲ್ಕು ಬೇಕಿತ್ತು.

“ನಿಂಗೆ ಎಂತ ಮರುಳಾ? ನಾ ಎಲ್ಲ ಮುಚ್ಚಿ ಕೊಡೂದು, ನೀ ತೂತು ಮಾಡೂದು?” ಎಂದು ದೋಣಿಯವ ಕೊಳವೆಯನ್ನು ಮಗುವಿನ ಹಾಗೆ ತಬ್ಬಿಕೊಂಡ. ಅರ್ಧ ಗಂಟೆ ಜಗಳವಾಗಿ ಒಂದು ತೂತಿಗೆ ಒಪ್ಪಿದ, ಅದೂ ಕಡ್ಡಿಯ ತುದಿ ಹೋಗುವಷ್ಟು. ಗೈಡ್ ಸರ್ ಬಂದು ನೋಡಿ, ಅದು ಫೋಟೋದಲ್ಲಿ ಚೆಂದ ಕಾಣುವುದಿಲ್ಲ, ಹಿಂದುಗಡೆ ಬರಲಿ ಎಂದರು. ಹಾಗಾಗಿ ಆ ಒಂದೇ ತೂತು ರಾಕೆಟ್ಟಿನ ಬೆನ್ನಿಗೆ, ಅದನ್ನು ನಿಲ್ಲಿಸುವ ಕಬ್ಬಿಣದ ಕಂಬದ ಕಡೆಗೆ, ಯಾರಿಗೂ ಕಾಣದಲ್ಲಿ ಬಂತು.

ಉಡಾವಣೆಯ ದಿನ ಕಾಸರಕೋಡಿನ ಮರಳಿನಲ್ಲಿ ನಾವು ನಿರೀಕ್ಷಿಸದೇ ಇದ್ದ ಒಂದು ಸಭೆ ನೆರೆದಿತ್ತು. ಮೀನು ಒಣಗಿಸುವ ಹೆಂಗಸರು ನಮಗಿಂತ ಮೊದಲೇ ಬಂದು ಆಯಕಟ್ಟಿನ ಜಾಗ ಹಿಡಿದಿದ್ದರು. “ತಂಗಿ, ನಿನ್ನ ಬಾಣ ನಮ್ಮ ಮೀನಿನ ಮೇಲೆ ಬಿದ್ರೆ?” ಎಂದು ಒಬ್ಬಾಕೆ ಕೇಳಿದಳು. ಬೀಳುವುದಿಲ್ಲ ಎಂದೆ. “ಬೀಳೂದಿಲ್ಲ ಅಂತ ಅದಕ್ಕೆ ಗೊತ್ತುಂಟಾ?” ಎಂದಳು. ನಾಲ್ಕು ವರ್ಷದಲ್ಲಿ ಕಂಟ್ರೋಲ್ ವಿಷಯದ ಬಗ್ಗೆ ನನ್ನನ್ನು ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಪೊಲೀಸರೊಬ್ಬರೂ ಬಂದಿದ್ದರು. ವಿಜ್ಞಾನ ಮಾದರಿಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದವರು, ಆಮೇಲೆ ಇಡೀ ದಿನ ಆ ಎರಡು ಹೆಜ್ಜೆಯನ್ನು ಕಾಪಾಡಿಕೊಂಡರು.

ಗೈಡ್ ಸರ್ ಬಂದದ್ದು ಬೆಳ್ಳಿಯ ಬಟ್ಟಲು, ಊದಿನಕಡ್ಡಿ, ತೆಂಗಿನಕಾಯಿಗಳೊಂದಿಗೆ. ಬೆಂಕಿಯುಗುಳುವ ವಸ್ತುವಿನ ಪಕ್ಕದಲ್ಲಿ ಊದಿನಕಡ್ಡಿ ಹಚ್ಚುವುದು ಬೇಡ ಎಂದು ನಮ್ಮ ಭಟ್ಕಳದ ಹುಡುಗ ಬಹಳ ವಿನಯದಿಂದ ಹೇಳಿದ. “ಹಾಗಾದ್ರೆ ಗಂಧ ಮಾತ್ರ” ಎಂದು ಸರ್ ಒಪ್ಪಿಕೊಂಡರು. ಲಾರಿಗೆ, ಬಸ್ಸಿಗೆ, ಕಾಲೇಜಿನ ಜೆರಾಕ್ಸ್ ಯಂತ್ರಕ್ಕೆ ಹಚ್ಚುವ ಹಾಗೆ ಮೂರು ಬೆರಳಿನಲ್ಲಿ ಗಂಧ ತೆಗೆದು ರಾಕೆಟ್ಟಿನ ಸೊಂಟದ ಸುತ್ತ ಬಳಿದರು. ನಡುವೆ ಕುಂಕುಮ ಇಟ್ಟರು. ಒತ್ತಡ, ವೇಗ, ಕೋನ ಎಂದು ವರ್ಷವಿಡೀ ಪಾಠ ಹೇಳಿದ ಮನುಷ್ಯ ಕಣ್ಣು ಮುಚ್ಚಿ ಎರಡು ನಿಮಿಷ ನಿಂತರು. ನಾನು ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ನಕ್ಕೆ. ಎಂಥ ನಗು! ಅದರಲ್ಲಿ ನ್ಯೂಟನ್ನಿನಿಂದ ಹಿಡಿದು ನನ್ನವರೆಗಿನ ಎಲ್ಲರ ತಿರಸ್ಕಾರವೂ ಇತ್ತು.

ಆಮೇಲೆ ಎಲ್ಲರೂ ದೂರ ಹೋದರು. ಒಳಗಿನ ಸ್ವಿಚ್ಚು ಹಾಕಿ, ದೀಪ ಉರಿದದ್ದನ್ನು ನೋಡಿ ಬರುವುದು ನನ್ನ ಕೆಲಸ. ನಾನೊಬ್ಬಳೇ ಉಳಿದೆ. ದೀಪ ಉರಿಯಿತು. ತಿರುಗಿ ನೋಡಿದರೆ ಹೆಂಗಸರು, ಗಂಡಸರು, ಪೊಲೀಸ್, ನಾಯಿ, ಇಡೀ ಕಾಸರಕೋಡು ಕಣ್ಣು ಬಿಟ್ಟು ನನ್ನ ರಾಕೆಟ್ಟನ್ನೇ ನೋಡುತ್ತಿದೆ.

ಈಗ ಹೇಳುವುದಕ್ಕೆ ನಗಬೇಡಿ. ಬೆಳಿಗ್ಗೆ ಹೊರಡುವಾಗ ಅಮ್ಮ ನನ್ನ ಚೀಲದಲ್ಲಿ ಕಾಡಿಗೆಯ ಡಬ್ಬಿ ಇಟ್ಟಿದ್ದಳು. ಹರಳೆಣ್ಣೆಯಲ್ಲಿ ಕಲಸಿದ ಮನೆಯ ಕಾಡಿಗೆ. “ಅಷ್ಟು ಜನ ನೋಡ್ತ್ರು. ಕಾಣದಲ್ಲಿ ಒಂದು ಬೊಟ್ಟು ಇಡು. ಮರೀಬೇಡ” ಎಂದಿದ್ದಳು. ಹತ್ತನೆಯ ಇಯತ್ತೆಯಿಂದ ಹಿಡಿದು ಪ್ರತಿ ಪರೀಕ್ಷೆಗೂ ನನ್ನ ಕಿವಿಯ ಹಿಂದೆ ಇಟ್ಟ ಬೊಟ್ಟು ಅದು. ನಾನು ಪ್ರತಿ ಸಲವೂ ಬೈದಿದ್ದೇನೆ, ಪ್ರತಿ ಸಲವೂ ಇಡಿಸಿಕೊಂಡಿದ್ದೇನೆ. ಅಲ್ಲಿ, ಆ ಬಿಸಿಲಿನಲ್ಲಿ, ಚೀಲ ಬಿಚ್ಚಿದೆ. ಡಬ್ಬಿ ತೆಗೆದೆ, ಧಾರಾಳವಾಗಿ ಬೆರಳಿಗೆ ತೆಗೆದುಕೊಂಡೆ, ರಾಕೆಟ್ಟಿನ ಹಿಂದೆ ಕೈ ಹಾಕಿ, ಕಂಬದ ಕಡೆಗೆ, ಯಾರಿಗೂ ಕಾಣದಲ್ಲಿ ಒತ್ತಿದೆ. ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಓಡಿ ಬಂದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮಗೆ ನಿಮಿಷವೂ ಬೇಕಾಗಲಿಲ್ಲ. ಸದ್ದು, ಹೊಗೆ, ಹೆಂಗಸರ ಕೂಗು. ರಾಕೆಟ್ ಎದ್ದಿತು, ನೂಲು ಹಿಡಿದ ಹಾಗೆ ನೆಟ್ಟಗೆ ಎದ್ದಿತು. ಮೇಲೆ ಹೋಗಿ ಚುಕ್ಕೆಯಾಯಿತು. ಈಗ ಪ್ಯಾರಾಚೂಟ್ ಬಿಚ್ಚುತ್ತದೆ ಎಂದು ಎಲ್ಲರೂ ಕತ್ತೆತ್ತಿ ನಿಂತರು. ಚುಕ್ಕೆ ದೊಡ್ಡದಾಗತೊಡಗಿತು. ಪ್ಯಾರಾಚೂಟ್ ಬರಲಿಲ್ಲ. ಮೂತಿ ಕೆಳಗೆ ಮಾಡಿಕೊಂಡು ಬಂದು, ಶರಾವತಿ ಸಮುದ್ರ ಸೇರುವ ಕಡೆ ನೀರಿಗೆ ಬಿತ್ತು. “ಮೀನಿನ ಮೇಲೆ ಬೀಳಲಿಲ್ಲ, ಆತು” ಎಂದು ಆ ಹೆಂಗಸು ನನಗೆ ಸಮಾಧಾನ ಹೇಳಿದಳು. ಅಂದು ಸಿಕ್ಕ ಸಮಾಧಾನ ಅದೊಂದೇ.

ಸರ್ ಅಂದೇ ಷರಾ ಬರೆದುಬಿಟ್ಟರು. “ಅದು ತಿರುಗಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಕಂಟ್ರೋಲ್ ಕೆಲಸ ಮಾಡಲಿಲ್ಲ.” ಚುಕ್ಕೆಯೊಂದು ತಿರುಗಿದ್ದನ್ನು ನೋಡುವ ಕಣ್ಣು ಅವರಿಗಿತ್ತು. ನನ್ನ ಅಧ್ಯಾಯ ಹೋಯಿತು. ತಿರುಗಿತೋ ಇಲ್ಲವೋ ಹೇಳಬೇಕಾದ ನೆನಪಿನ ಚಿಪ್ಪು ರಾಕೆಟ್ಟಿನ ಹೊಟ್ಟೆಯಲ್ಲಿತ್ತು, ರಾಕೆಟ್ ಉಪ್ಪುನೀರಿನಲ್ಲಿತ್ತು. ಮನೆಗೆ ಬಂದು ಊಟ ಬಿಟ್ಟು ಅತ್ತೆ. “ಬೊಟ್ಟು ಇಟ್ಟಿದ್ಯನೇ?” ಎಂದು ಅಮ್ಮ ಕೇಳಿದಳು. ಇಟ್ಟಿದ್ದೆ ಎಂದೆ. “ಹಾಗಾರೆ ಸಿಕ್ತದೆ” ಎಂದಳು. ಇಂಥ ತಾಯಿಯ ಹತ್ತಿರ ವಾದ ಮಾಡಿ ಏನು ಪ್ರಯೋಜನ?

ಸಿಕ್ಕಿತು. ಮೂರನೆಯ ದಿನ ದೋಣಿಯವ ಕಾಲೇಜಿನ ಆಫೀಸಿಗೆ ಫೋನ್ ಮಾಡಿದ. ಹೊಳೆಯ ನಡುವಿನ ಮಾವಿನಕುರ್ವೆಯ ಕಡೆಯವರ ಬಲೆಗೆ ಅದು ಅಂದೇ ಸಿಕ್ಕಿತ್ತಂತೆ. ನೌಕಾಪಡೆಯ ವಸ್ತುವೆಂದು ಹೆದರಿ, ಎರಡು ದಿನ ಬಲೆಗಳ ಕೆಳಗೆ ಮುಚ್ಚಿಟ್ಟಿದ್ದರಂತೆ. ಮೂತಿ ಹೋಗಿತ್ತು, ಎರಡು ರೆಕ್ಕೆ ಹೋಗಿತ್ತು. ಆದರೆ ಚಿಪ್ಪಿದ್ದ ನಡುವಿನ ಕೋಣೆಯ ಸಂದುಗಳು ಬಿಟ್ಟಿರಲಿಲ್ಲ. ದೋಣಿಯವ ನನ್ನೆದುರೇ ಕೊಳವೆ ಕೊಯ್ದ. ಒಳಗೆ ಒಂದು ಹನಿ ನೀರಿಲ್ಲ. “ನಿನ್ನ ತೂತಿನಲ್ಲೂ ನೀರು ಹೋಗ್ಲಿಲ್ಲ ನೋಡು. ಅದೆಂತ ಆಶ್ಚರ್ಯ!” ಎಂದ. ನನಗೆ ಆಶ್ಚರ್ಯಪಡುವಷ್ಟು ತಾಳ್ಮೆ ಇರಲಿಲ್ಲ. ಚಿಪ್ಪನ್ನೂ ಕೊಯ್ದ ಕೊಳವೆಯನ್ನೂ ಎತ್ತಿಕೊಂಡು ಭಟ್ಕಳದ ಬಸ್ಸು ಹತ್ತಿದೆ.

ಲ್ಯಾಬಿನಲ್ಲಿ ಸರ್ ಮತ್ತು ಮೂವರು ಹುಡುಗರ ಮುಂದೆ ಅದನ್ನು ಕಂಪ್ಯೂಟರಿಗೆ ಜೋಡಿಸಿದೆ. ಮೊದಲ ಗೆರೆ ತಿರುಗಾಟದ್ದು. ರಾಕೆಟ್ ಎದ್ದ ಕೂಡಲೇ ಒಂದು ಕಡೆ ತಿರುಗಲು ನೋಡಿದೆ, ರೆಕ್ಕೆಗಳು ಹಿಡಿದಿವೆ. ಇನ್ನೊಂದು ಕಡೆ ತಿರುಗಲು ನೋಡಿದೆ, ಮತ್ತೆ ಹಿಡಿದಿವೆ. ತುದಿಯವರೆಗೂ ನೆಟ್ಟಗೆ. ನನ್ನ ಲೆಕ್ಕ ಸರಿಯಿತ್ತು! ಎರಡನೆಯ ಗೆರೆ ಗಾಳಿಯೊತ್ತಡದ್ದು. ಅದು ಅಡಿಕೋಲಿಟ್ಟು ಎಳೆದಷ್ಟು ಸಮವಾಗಿತ್ತು. ಹೊರಗಿನ ಗಾಳಿ ಒಳಗೆ ತಾಗಿಯೇ ಇಲ್ಲ. ಆ ಸೆನ್ಸರನ್ನು ಕೇಳಿದರೆ ರಾಕೆಟ್ ಕಾಸರಕೋಡಿನ ಮರಳು ಬಿಟ್ಟು ಹೋಗಿಯೇ ಇರಲಿಲ್ಲ. ಮೇಲೇ ಹೋಗದವನಿಗೆ ಪ್ಯಾರಾಚೂಟ್ ಯಾಕೆ?

ಏಳು ತಿಂಗಳ ಸಿಟ್ಟು ನನ್ನ ಬಾಯಲ್ಲಿ ಸಿದ್ಧವಾಗಿತ್ತು. “ಸರ್, ತೂತು ಮುಚ್ಚಿಹೋಗಿತ್ತು. ನೀವು ಗಂಧ ಬಳಿದಿರಿ” ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಯಂತ್ರಕ್ಕೆ ಗಂಧ ಬಳಿಯುವವರು ಯಂತ್ರದ ಪಾಠ ಹೇಳಬಾರದು ಎಂದೂ ಹೇಳಿದೆ. ಹುಡುಗರು ನೆಲ ನೋಡಿದರು. ನಿಮ್ಮಾಣೆ, ಆ ಹೊತ್ತಿನಲ್ಲಿ ನನ್ನ ಕಾಡಿಗೆ ನನಗೆ ನೆನಪಾಗಲೇ ಇಲ್ಲ. ಅವರು ಮಾಡಿದ್ದು ಮೂಢನಂಬಿಕೆ. ನಾನು ಮಾಡಿದ್ದು ಅಮ್ಮ ಹೇಳಿದ ಒಂದು ಮಾತು, ಅಷ್ಟೆ.

ಸರ್ ಸಿಡುಕುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಸಮವಾದ ಗೆರೆಯ ಮೇಲೆ ಬೆರಳೆಳೆದರು. “ಹೌದು. ನಾನು ಬಳಿದಿದ್ದೇನೆ” ಎಂದರು. ಆಮೇಲೆ, “ನಿನ್ನ ಅಧ್ಯಾಯ ಇರಲಿ. ಮೊದಲಿಗೇ ಹಾಕು” ಎಂದರು.

ಕೊಳವೆಯ ಆ ತುಂಡನ್ನು ಮನೆಗೆ ತಂದೆ. ರಿಪೋರ್ಟಿಗೆ ತೂತಿನ ಅಳತೆ ಬೇಕಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತು ಅಮ್ಮನ ಹೊಲಿಗೆಯ ಸೂಜಿ ಹಾಕಿ ಚುಚ್ಚಿದೆ. ಸೂಜಿಯ ತುದಿಗೆ ಸ್ವಲ್ಪ ಮೆತ್ತಿಕೊಂಡು ಬಂತು. ಗಂಧ ಹಳದಿ. ಕುಂಕುಮ ಕೆಂಪು. ಎರಡೂ ಉಪ್ಪುನೀರಿನಲ್ಲಿ ತೊಳೆದು ಹೋಗಿ ಕೊಳವೆಯ ಮೇಲೆ ಗುರುತೂ ಉಳಿದಿರಲಿಲ್ಲ. ಸೂಜಿಯ ಮೇಲಿದ್ದದ್ದು ಕಪ್ಪು, ಜಿಡ್ಡು ಜಿಡ್ಡು. ಮೂಸಿದೆ. ಹರಳೆಣ್ಣೆ.

ಪ್ಯಾರಾಚೂಟನ್ನು ಬಿಚ್ಚದಂತೆ ತಡೆದದ್ದು ನನ್ನ ಬೊಟ್ಟು. ನೀರು ಒಳಗೆ ಹೋಗದಂತೆ ತಡೆದು, ಚಿಪ್ಪು ಉಳಿಸಿ, ನನ್ನ ಲೆಕ್ಕ ಸರಿಯೆಂದು ಸಾಕ್ಷಿ ಹೇಳಿಸಿದ್ದೂ ಅದೇ ಬೊಟ್ಟು. ಇದನ್ನು ಅಮ್ಮನಿಗೆ ಹೇಳಿದರೆ ಎರಡನೆಯ ಅರ್ಧವನ್ನು ಮಾತ್ರ ಕೇಳಿಸಿಕೊಂಡು ಊರಿಗೆಲ್ಲ ಕಾಡಿಗೆ ಹಂಚುತ್ತಾಳೆ ಎಂದು ಗೊತ್ತಿತ್ತು. ಹೇಳಲಿಲ್ಲ. ಸರ್‌ಗೆ ಹೇಳಬೇಕಿತ್ತು. ನಾಳೆ ಹೇಳುವ ಎಂದುಕೊಂಡೆ. ಅಧ್ಯಾಯ ಟೈಪಾದ ಮೇಲೆ ಹೇಳುವ ಎಂದುಕೊಂಡೆ. ಬೈಂಡಿಂಗ್ ಆದ ಮೇಲೆ ಹೇಳುವ ಎಂದುಕೊಂಡೆ. ರಿಪೋರ್ಟಿನಲ್ಲಿ ‘ಹೊರಗಿನ ವಸ್ತುವೊಂದು ರಂಧ್ರವನ್ನು ಮುಚ್ಚಿತ್ತು’ ಎಂದು ಬರೆದೆ. ಎಷ್ಟು ಶುದ್ಧವಾದ, ವೈಜ್ಞಾನಿಕವಾದ ವಾಕ್ಯ! ಬಣ್ಣವಿಲ್ಲ, ವಾಸನೆಯಿಲ್ಲ, ಕರ್ತೃವೂ ಇಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ನನ್ನ ಅಧ್ಯಾಯವನ್ನು ಪುಟಪುಟ ತಿರುವಿ, ಚೆನ್ನಾಗಿದೆ ಎಂದರು. ಆಮೇಲೆ ಆ ವಾಕ್ಯದ ಮೇಲೆ ಪೆನ್ನಿಟ್ಟು, “ಹೊರಗಿನ ವಸ್ತು ಅಂದರೆ ಯಾವುದಮ್ಮ?” ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೆರಳು ನೋಡಿಕೊಂಡೆ. ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಕುರ್ಚಿಯಲ್ಲಿದ್ದ ಗೈಡ್ ಸರ್ ಎದ್ದು ನಿಂತರು. “ಗಂಧ ಸರ್. ನಾನು ಹಚ್ಚಿದ್ದು. ಮಕ್ಕಳ ತಪ್ಪೇನಿಲ್ಲ” ಎಂದರು. ಪರೀಕ್ಷಕರು ಜೋರಾಗಿ ನಕ್ಕರು. ಹುಡುಗರೂ ನಕ್ಕರು. ಸರ್ ನಗಲಿಲ್ಲ, ಕೂತರು. ನಾನು ತೆರೆದ ಬಾಯಿಯನ್ನು ಮುಚ್ಚಿದೆ.

ಅತ್ಯುತ್ತಮ ಪ್ರಾಜೆಕ್ಟ್ ಎಂದು ನಮಗೆ ಒಂದು ಫಲಕ ಕೊಟ್ಟರು. ಅದು ಕುಮಟೆಯ ಮನೆಯಲ್ಲಿ ಟಿವಿಯ ಮೇಲಿದೆ. ಅಮ್ಮ ದೀಪಾವಳಿಗೊಮ್ಮೆ ಅದಕ್ಕೂ ಗಂಧ ಹಚ್ಚುತ್ತಾಳೆ, ನಾನು ಆ ಹೊತ್ತಿಗೆ ಅಡುಗೆಮನೆಗೆ ಹೋಗುತ್ತೇನೆ.

ಆ ದಶಕ ಮುಗಿಯುವ ಹೊತ್ತಿಗೆ ನನ್ನ ದೊಡ್ಡಮ್ಮನ ಮೊಮ್ಮಗಳು ಅದೇ ಕಾಲೇಜಿಗೆ ಸೇರಿದಳು. ಒಂದು ಭಾನುವಾರ ಬಂದವಳು ಅವಲಕ್ಕಿ ತಿನ್ನುತ್ತ ತನ್ನ ಸರ್ ಹೇಳಿದ ಕಥೆ ಹೇಳಿದಳು. ಆ ಸರ್ ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ದಿನ ಇದನ್ನೇ ಹೇಳುತ್ತಾರಂತೆ. ಒಮ್ಮೆ ತಾನು ಗಂಧ ಹಚ್ಚಿ ಮಕ್ಕಳ ರಾಕೆಟ್ ಬೀಳಿಸಿದೆ, ಯಂತ್ರ ಮುಟ್ಟುವ ಮೊದಲು ಯೋಚಿಸಿ ಎಂದು. ಈಗ ಅವರು ಲ್ಯಾಬಿನ ಪೂಜೆಗೂ ಬಾಗಿಲ ಹೊರಗೇ ನಿಲ್ಲುತ್ತಾರಂತೆ.

“ಅವ್ರು ಇನ್ನೊಂದು ಹೇಳ್ತ್ರು ಚಿಕ್ಕಮ್ಮ” ಎಂದಳು. “ಇಷ್ಟು ವರ್ಷದಲ್ಲಿ ಅವ್ರ ತಪ್ಪನ್ನ ಅವ್ರ ಎದುರಿಗೇ ನಿಂತು ಹೇಳಿದ್ದು ಒಬ್ಬಳೇ ಹುಡುಗಿ ಅಂತೆ. ಅಷ್ಟು ಸತ್ಯವಂತರನ್ನ ತಾನು ಮತ್ತೆ ನೋಡಲೇ ಇಲ್ಲ ಅಂತೆ. ನೀನೂ ಆಗ ಅಲ್ಲೇ ಇದ್ದೆ ಅಲ್ವಾ? ಯಾರು ಅವಳು, ನಿಂಗೆ ಗೊತ್ತಿತ್ತಾ?”

ಸರ್ ಇನ್ನೂ ಭಟ್ಕಳದಲ್ಲೇ ಇದ್ದರು. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅವರ ಮನೆಯ ಬಾಗಿಲಲ್ಲಿ ನಿಲ್ಲಬಹುದಿತ್ತು.

“ಗೊತ್ತಿತ್ತು” ಎಂದೆ. “ಅವಳು ಅಷ್ಟೇನೂ ಒಳ್ಳೆಯವಳಲ್ಲ” ಎಂದು ಹೇಳಿ ಅವಳ ತಟ್ಟೆಗೆ ಇನ್ನೊಂದಿಷ್ಟು ಅವಲಕ್ಕಿ ಹಾಕಿದೆ.